ಕಳ್ಳನಿಲ್ಲದೆ ಕೂಗುವ ಸೈರನ್: ಕಾರಣ ಹುಡುಕಿ ಸರಿಪಡಿಸುವ ಬಗೆ

ಮನೆಗೋ ಅಂಗಡಿಗೋ ಕಳ್ಳರ ಅಲಾರಂ ಹಾಕಿಸಿದವರಿಗೆಲ್ಲ ಈ ಅನುಭವ ಇದ್ದೇ ಇರುತ್ತದೆ. ಮೊದಲ ಸಲ ನಡುರಾತ್ರಿ ಸೈರನ್ ಕೂಗಿದಾಗ ಪಕ್ಕದ ಮನೆಯವರು ಟಾರ್ಚ್ ಹಿಡಿದು ಓಡಿ ಬರುತ್ತಾರೆ. ಎರಡನೇ ಸಲ ಕಿಟಕಿ ತೆಗೆದು ನೋಡುತ್ತಾರೆ. ಮೂರನೇ ಸಲ ಮಗ್ಗಲು ಬದಲಿಸಿ ಮಲಗುತ್ತಾರೆ. ಕೊನೆಗೆ ಮಾಲೀಕರೇ ಬೇಸತ್ತು ರಾತ್ರಿ ಸಿಸ್ಟಮ್ ಆನ್ ಮಾಡುವುದನ್ನೇ ಬಿಡುತ್ತಾರೆ. ಅಷ್ಟು ದುಡ್ಡು ಸುರಿದು ಹಾಕಿಸಿದ್ದು ಗೋಡೆ ಮೇಲೆ ಇದ್ದೂ ಇಲ್ಲದ ಹಾಗೆ.

ಸೈರನ್ ಸುಮ್ಸುಮ್ನೆ ಕೂಗುವುದಿಲ್ಲ. ಕೂಗಿದಾಗೆಲ್ಲ ಯಾವುದೋ ಒಂದು ಸೆನ್ಸರ್‌ಗೆ ಏನೋ ಒಂದು ಆಗಿರುತ್ತದೆ: ಬಿಸಿ ಗಾಳಿ, ಅಲುಗಿದ ಶಟರ್, ನೀರು ಸೇರಿದ ವೈರ್, ಹಳೆಯ ಬ್ಯಾಟರಿ. ಆ ಕಾರಣ ಹುಡುಕಿದರೆ ಸಿಗುತ್ತದೆ. ಹುಡುಕದೆ ಸೆನ್ಸಿಟಿವಿಟಿ ಇಳಿಸುವುದು, ಆ ಝೋನನ್ನೇ (ಒಂದು ಸೆನ್ಸರ್ ಅಥವಾ ಒಂದು ಜಾಗದ ಸೆನ್ಸರ್‌ಗಳ ಗುಂಪು) ಬೈಪಾಸ್ ಮಾಡುವುದು, ಅಂದರೆ ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಬಿಡುವುದು, ದೊಡ್ಡ ತಪ್ಪು. ಸುಳ್ಳು ಅಲಾರಂ ನಿಲ್ಲುತ್ತದೆ ನಿಜ, ಆದರೆ ನಿಜವಾದ ಕಳ್ಳ ಬಂದಾಗಲೂ ಅದು ಕೂಗುವುದಿಲ್ಲ. ಆದ್ದರಿಂದ ಕೆಳಗೆ ಹೇಳಿದ ಕ್ರಮದಲ್ಲೇ ಒಂದೊಂದಾಗಿ ನೋಡಿಕೊಂಡು ಬನ್ನಿ. ಬಹಳಷ್ಟನ್ನು ನೀವೇ ಮಾಡಬಹುದು.

ಮೊದಲ ಹೆಜ್ಜೆ: ಯಾವಾಗ, ಎಲ್ಲಿ ಎಂದು ಬರೆದಿಡಿ

ಸೈರನ್ ನಿಲ್ಲಿಸಿದ ಕೂಡಲೇ ಮತ್ತೆ ಆರ್ಮ್ ಮಾಡಿ, ಅಂದರೆ ಕಾವಲಿಗೆ ಆನ್ ಮಾಡಿ, ಮಲಗಬೇಡಿ. ಕೀಪ್ಯಾಡ್‌ನಲ್ಲೋ ಆ್ಯಪ್‌ನಲ್ಲೋ ಯಾವ ಝೋನ್ ಕೂಗಿತು ಎಂದು ತೋರಿಸುತ್ತಿರುತ್ತದೆ. ಅದರ ಒಂದು ಫೋಟೊ ತೆಗೆದುಕೊಳ್ಳಿ. ಎಷ್ಟೋ ಪ್ಯಾನೆಲ್‌ಗಳಲ್ಲಿ (ಸಿಸ್ಟಮ್‌ನ ಮುಖ್ಯ ಪೆಟ್ಟಿಗೆ) ಮತ್ತೆ ಆರ್ಮ್ ಮಾಡಿದರೆ ಆ ಗುರುತು ಪರದೆಯಿಂದ ಹೋಗಿಬಿಡುತ್ತದೆ. ಆಮೇಲೆ ಅದನ್ನು ಈವೆಂಟ್ ಲಾಗ್‌ಗೆ, ಅಂದರೆ ಆದದ್ದೆಲ್ಲ ದಾಖಲಾಗುವ ಪಟ್ಟಿಗೆ ಹೋಗಿ ಹುಡುಕಬೇಕು. ಪ್ಯಾನೆಲ್‌ನ ಗಡಿಯಾರ ಸರಿಯಿದೆಯೇ ಎಂದೂ ಒಮ್ಮೆ ನೋಡಿಕೊಳ್ಳಿ. ಅದು ತಪ್ಪಿದ್ದರೆ ಲಾಗ್ ನೋಡಿದರೂ ಪ್ರಯೋಜನವಿಲ್ಲ.

ಕ್ಯಾಲೆಂಡರ್ ಪಕ್ಕ ಒಂದು ಪುಸ್ತಕ ಇಡಿ. ಗಂಟೆ ಎಷ್ಟು, ಯಾವ ಝೋನ್, ಮಳೆ ಇತ್ತೇ, ಗಾಳಿ ಇತ್ತೇ, ಕರೆಂಟ್ ಹೋಗಿ ಬಂತೇ, ಯಾವ ಫ್ಯಾನ್ ಆನ್ ಇತ್ತು, ಮನೆಯಲ್ಲಿ ಯಾರಿದ್ದರು, ಇಷ್ಟು ಬರೆದರೆ ಸಾಕು. ನಾಲ್ಕೈದು ಸಲ ಬರೆಯುವಷ್ಟರಲ್ಲಿ ಒಂದು ಜಾಡು ಕಾಣಿಸುತ್ತದೆ. ದಿನಾ ಒಂದೇ ಹೊತ್ತಿಗೆ ಕೂಗಿದರೆ ಬಿಸಿಲು ಬೀಳುವ ಜಾಗ ಅಥವಾ ಪಂಪಿನ ಮೋಟಾರ್ ಮೇಲೆ ಅನುಮಾನ ಪಡಿ. ಮಳೆ ಬಂದಾಗ ಮಾತ್ರ ಆದರೆ ವೈರ್ ಜಾಯಿಂಟ್. ಕರೆಂಟ್ ಬಂದ ಕೂಡಲೇ ಆದರೆ ಬ್ಯಾಟರಿ ಅಥವಾ ಫ್ಯಾನ್. ಇವತ್ತು ಒಂದು ಝೋನ್, ನಾಳೆ ಇನ್ನೊಂದು, ನಾಡಿದ್ದು ಮತ್ತೊಂದು ಎಂದರೆ ತೊಂದರೆ ಸೆನ್ಸರ್‌ಗಳಲ್ಲಿ ಅಲ್ಲ, ಪವರ್ ಸಪ್ಲೈಯಲ್ಲಿ ಅಥವಾ ಅರ್ಥಿಂಗ್‌ನಲ್ಲಿ ಇರುವ ಸಾಧ್ಯತೆ ಜಾಸ್ತಿ.

ಇನ್ನೊಂದು ಸಣ್ಣ ಕೆಲಸ. ಝೋನ್ 1, ಝೋನ್ 2 ಎಂದೇ ಬಿಟ್ಟಿದ್ದರೆ ಅವಕ್ಕೆ ಹೆಸರು ಕೊಡಿಸಿ. "ಹಿಂಬಾಗಿಲು", "ಗೋಡೌನ್", "ಮೆಟ್ಟಿಲು" ಎಂದಿದ್ದರೆ ಅರ್ಧ ನಿದ್ದೆಯಲ್ಲಿ ಎದ್ದವರಿಗೂ ಅರ್ಥವಾಗುತ್ತದೆ.

ಎರಡನೇ ಹೆಜ್ಜೆ: ಮನೆಯವರಿಗೆ ಕಲಿಸಿ

ಬೆಳಗಿನ ಐದೂವರೆಗೆ ಅಜ್ಜಿ ಎದ್ದು ರಂಗೋಲಿ ಹಾಕಲು ಮುಂಬಾಗಿಲು ತೆಗೆಯುತ್ತಾರೆ. ಸಿಸ್ಟಮ್ ಇನ್ನೂ ರಾತ್ರಿಯ ಮೋಡ್‌ನಲ್ಲೇ ಇರುತ್ತದೆ. ಸೈರನ್! ಅಜ್ಜಿಯ ಕೈಕಾಲು ನಡುಗಿಹೋಗುತ್ತದೆ. ಅವತ್ತಿಂದ ಮನೆಯಲ್ಲಿ ಅದನ್ನು ಯಾರೂ ಆನ್ ಮಾಡುವುದಿಲ್ಲ. ಇದರಲ್ಲಿ ಅಜ್ಜಿಯ ತಪ್ಪೇನೂ ಇಲ್ಲ. ಆ ಮನೆಯ ದಿನಚರಿ ಕೇಳದೆ ಸಿಸ್ಟಮ್ ಸೆಟ್ ಮಾಡಿದ್ದೇ ತಪ್ಪು.

ಹೆಚ್ಚಿನ ಪ್ಯಾನೆಲ್‌ಗಳಲ್ಲಿ ಎರಡು ಬಗೆಯ ಆರ್ಮಿಂಗ್ ಇರುತ್ತದೆ. ಎಲ್ಲರೂ ಹೊರಗೆ ಹೋಗುವಾಗ ಒಂದು, ಒಳಗೆ ಮಲಗಿರುವಾಗ ಇನ್ನೊಂದು. ಮಲಗುವಾಗಿನ ಮೋಡ್‌ನಲ್ಲಿ ಒಳಗಿನ ಮೋಷನ್ ಸೆನ್ಸರ್‌ಗಳು ಆಫ್ ಇರಬೇಕು, ಬಾಗಿಲು ಕಿಟಕಿಗಳದ್ದು ಆನ್ ಇರಬೇಕು. ಮುಂಬಾಗಿಲಿಗೆ ಸಮಯ ಕೊಡಿ, ಅಂದರೆ ಬಾಗಿಲು ತೆಗೆದ ಕೂಡಲೇ ಕೂಗದೆ ಕೀಪ್ಯಾಡ್ ಬೀಪ್ ಬೀಪ್ ಅಂದು ಎಚ್ಚರಿಸಬೇಕು. ಬೆಳಿಗ್ಗೆ ಐದಕ್ಕೆ ತಾನಾಗಿ ಆಫ್ ಆಗುವ ಹಾಗೆ ಇಡುವ ಸೌಲಭ್ಯವೂ ಕೆಲವು ಪ್ಯಾನೆಲ್‌ಗಳಲ್ಲಿದೆ. ಕೇಳಿ ನೋಡಿ.

ಒಳಬರುವ ಸಮಯ, ಹೊರಹೋಗುವ ಸಮಯ ಎಷ್ಟಿರಬೇಕು? ಅಂದಾಜಿನ ಮೇಲೆ ಇಡಬೇಡಿ. ಎರಡು ಕೈಯಲ್ಲೂ ತರಕಾರಿ ಚೀಲ ಹಿಡಿದು, ಬೀಗ ತೆಗೆದು, ಚಪ್ಪಲಿ ಬಿಟ್ಟು, ಕೀಪ್ಯಾಡ್ ಹತ್ತಿರ ಹೋಗಿ ಕೋಡ್ ಒತ್ತುವವರೆಗೆ ಎಷ್ಟು ಹೊತ್ತಾಗುತ್ತದೆ ಎಂದು ಮೊಬೈಲಿನಲ್ಲಿ ನೋಡಿ. ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರಿಂದ ಮಾಡಿಸಿ ನೋಡಿ. ಸಾಮಾನ್ಯವಾಗಿ ಒಳಬರಲು 30 ಸೆಕೆಂಡ್, ಹೊರಹೋಗಲು 60 ಸೆಕೆಂಡ್ ಸಾಕಾಗುತ್ತದೆ. ಮಂಡಿನೋವು ಇರುವವರಿದ್ದರೆ ಒಳಬರಲು 45 ಕೊಡಿ. ಅಷ್ಟರಿಂದ ಕಳ್ಳನಿಗೇನೂ ಹೆಚ್ಚು ಲಾಭವಿಲ್ಲ.

ಕೆಲಸದವರಿಗೆ, ಅಡುಗೆಯವರಿಗೆ, ಅಂಗಡಿಯ ಹುಡುಗರಿಗೆ ಬೇರೆ ಬೇರೆ ಕೋಡ್ ಕೊಡಿ. ಎಲ್ಲರಿಗೂ ಒಂದೇ ಕೋಡ್ ಇದ್ದರೆ ಯಾರಿಂದ ಏನಾಯಿತು ಎಂದು ಲಾಗ್‌ನಲ್ಲಿ ತಿಳಿಯುವುದಿಲ್ಲ. ಒಬ್ಬರು ಕೆಲಸ ಬಿಟ್ಟಾಗ ಎಲ್ಲರ ಕೋಡೂ ಬದಲಿಸಬೇಕಾಗುತ್ತದೆ. ಇನ್ನು ಕೀ ಬಂಚ್‌ನಲ್ಲಿ ರಿಮೋಟ್ ಇಟ್ಟುಕೊಳ್ಳುವವರು ಪ್ಯಾನಿಕ್ ಬಟನ್ ಮೂರು ಸೆಕೆಂಡ್ ಒತ್ತಿ ಹಿಡಿದರೆ ಮಾತ್ರ ಕೆಲಸ ಮಾಡುವ ಹಾಗೆ ಹಾಕಿಸಿ. ಪ್ಯಾಂಟಿನ ಜೇಬಿನಲ್ಲಿ ಕೂತಾಗ ಒತ್ತಿಹೋಗುವುದು ತೀರಾ ಸಾಮಾನ್ಯ.

ಮೂರನೇ ಹೆಜ್ಜೆ: ಮೋಷನ್ ಸೆನ್ಸರ್ ಏನನ್ನು ನೋಡುತ್ತಿದೆ?

ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ, ಏಕೆಂದರೆ ಕಾರಣಗಳ ರಾಶಿ ಇರುವುದೇ ಇಲ್ಲಿ.

ಗೋಡೆ ಮೂಲೆಯಲ್ಲಿ ಬಿಳಿ ಡಬ್ಬಿ ಇರುತ್ತದಲ್ಲ, ಅದನ್ನು ಪಿಐಆರ್ ಸೆನ್ಸರ್ ಎನ್ನುತ್ತಾರೆ. ಅದಕ್ಕೆ ಮನುಷ್ಯ ಕಾಣುವುದಿಲ್ಲ, ಶಾಖ ಕಾಣುತ್ತದೆ. ನಮ್ಮ ಮೈಯಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಹೊರಡುತ್ತಿರುತ್ತದೆ. ಸೆನ್ಸರ್ ಒಳಗೆ ಆ ಕಿರಣ ಹಿಡಿಯುವ ಎರಡು ಪುಟ್ಟ ತುಣುಕುಗಳಿವೆ. ಮುಂದಿನ ಪ್ಲಾಸ್ಟಿಕ್ ಲೆನ್ಸ್ ಕೋಣೆಯನ್ನು ಬೀಸಣಿಗೆಯ ಹಾಗೆ ಪಟ್ಟಿ ಪಟ್ಟಿಯಾಗಿ ಹಂಚುತ್ತದೆ. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಶಾಖ ದಾಟಿದರೆ ಅದಕ್ಕೆ ಚಲನೆ ಎಂದು ಲೆಕ್ಕ. ಅಡ್ಡಡ್ಡ ನಡೆದರೆ ಚೆನ್ನಾಗಿ ಹಿಡಿಯುತ್ತದೆ. ನೇರ ಅದರ ಕಡೆಗೇ ನಡೆದು ಬಂದರೆ ಅಷ್ಟು ಬೇಗ ಹಿಡಿಯುವುದಿಲ್ಲ. ಇಷ್ಟು ಗೊತ್ತಾದರೆ ಸುಳ್ಳು ಅಲಾರಂನ ಅರ್ಧ ಒಗಟು ಬಿಡಿಸಿದ ಹಾಗೆ.

ನಮ್ಮ ಕಡೆ ತುಂಬಾ ಸಲ ಆಗುವುದನ್ನು ಮೊದಲು ಹೇಳುತ್ತೇನೆ. ಮನೆ ಬೀಗ ಹಾಕುವಾಗ ಕರೆಂಟ್ ಇರುವುದಿಲ್ಲ. ಹಾಲ್‌ನ ಫ್ಯಾನಿನ ಸ್ವಿಚ್ ಆನ್ ಆಗಿಯೇ ಉಳಿದದ್ದು ಯಾರ ಗಮನಕ್ಕೂ ಬರುವುದಿಲ್ಲ. ರಾತ್ರಿ ಒಂದು ಗಂಟೆಗೆ ಕರೆಂಟ್ ಬರುತ್ತದೆ. ಫ್ಯಾನ್ ತಿರುಗಲು ಶುರು. ಹಗಲಿಡೀ ಬಿಸಿಲುಂಡ ಕಿಟಕಿಯ ಪರದೆ ಅಲ್ಲಾಡುತ್ತದೆ, ತಾರಸಿ ಕೆಳಗೆ ಕೂತಿದ್ದ ಬಿಸಿ ಗಾಳಿ ಕೆಳಗಿಳಿಯುತ್ತದೆ. ಸೆನ್ಸರ್ ಪಾಲಿಗೆ ಅದು ಯಾರೋ ಓಡಾಡಿದ ಹಾಗೆ. ಕರೆಂಟ್ ಬಂದ ಒಂದೆರಡು ನಿಮಿಷದಲ್ಲಿ ಸೈರನ್. ಊರಿಗೆ ಹೋಗುವಾಗ ಸ್ವಿಚ್‌ಗಳನ್ನು ಕಣ್ಣಿಂದ ನೋಡಿದರೆ ಸಾಲದು, ಕೈಯಿಂದ ಮುಟ್ಟಿ ಆಫ್ ಮಾಡಿ. ಪರದೆ ಕಟ್ಟಿಡಿ.

ಬಿಸಿಲಿನದ್ದೂ ಹೀಗೆಯೇ. ಪೂರ್ವದ ಕಿಟಕಿಯಿಂದ ಚಳಿಗಾಲದ ಎಳೆಬಿಸಿಲು ಉದ್ದಕ್ಕೆ ಒಳಗೆ ಬರುತ್ತದೆ. ಹೊರಗೆ ತೆಂಗಿನ ಗರಿ ಆಡುತ್ತಿದ್ದರೆ ನೆಲದ ಮೇಲೆ ಬಿಸಿಲು ನೆರಳು ಆಟವಾಡುತ್ತವೆ. ಸೆನ್ಸರ್ ಯಾವತ್ತೂ ಕಿಟಕಿಗೆ ಬೆನ್ನು ಹಾಕಿರಬೇಕು, ಕಿಟಕಿಯ ಕಡೆ ಮುಖ ಮಾಡಿರಬಾರದು. ಎಸಿಯ ಗಾಳಿ ನೇರ ಬಡಿಯಬಾರದು. ಫ್ರಿಜ್‌ನ ಹಿಂಭಾಗ, ಇನ್ವರ್ಟರ್ ಇಟ್ಟ ಮೂಲೆ, ನಂದಾದೀಪ ಉರಿಯುವ ದೇವರ ಮನೆ ಅದರ ಕಣ್ಣಿಗೆ ಬೀಳಬಾರದು. ಹಬ್ಬಕ್ಕೆ ಕಟ್ಟಿದ ಬಣ್ಣದ ಕಾಗದ, ಹುಟ್ಟುಹಬ್ಬದ ಬಲೂನು ಇವನ್ನು ಅವತ್ತೇ ಬಿಚ್ಚಿ. ನೆಲದಿಂದ ಏಳೂವರೆ ಅಡಿ ಆಸುಪಾಸಿನ ಎತ್ತರದಲ್ಲಿ ಮೂಲೆಗೆ ಹಾಕುವುದು ವಾಡಿಕೆ. ಆದರೂ ಪೆಟ್ಟಿಗೆಯ ಕಾಗದದಲ್ಲಿ ಏನು ಬರೆದಿದೆಯೋ ಅದೇ ಸರಿ.

ಈಗ ಹಲ್ಲಿಯ ವಿಚಾರಕ್ಕೆ ಬರೋಣ. "ಹಲ್ಲಿಯ ಮೈ ತಣ್ಣಗಿರುತ್ತೆ, ಅದಕ್ಕೆ ಹೇಗೆ ಕೂಗುತ್ತೆ?" ಎಂದು ಕೇಳುವವರಿದ್ದಾರೆ. ಎದುರು ಗೋಡೆ ಮೇಲಿದ್ದರೆ ಕೂಗುವುದಿಲ್ಲ. ಆದರೆ ಅದು ಲೆನ್ಸ್ ಮೇಲೇ ಹತ್ತಿದರೆ ಪಟ್ಟಿಗಳನ್ನು ಒಂದಾದ ಮೇಲೊಂದು ಮುಚ್ಚಿ ತೆಗೆಯುತ್ತಾ ಹೋಗುತ್ತದೆ. ಎದುರು ಗೋಡೆಯಿಂದ ಬರುತ್ತಿದ್ದ ಶಾಖ ಒಮ್ಮೆ ನಿಂತು ಒಮ್ಮೆ ಬರುತ್ತದೆ. ಸೆನ್ಸರ್‌ಗೆ ಅದು ಆಳು ನಡೆದಷ್ಟೇ ದೊಡ್ಡ ಬದಲಾವಣೆ. ಜೇಡ, ಜಿರಳೆಯದ್ದೂ ಇದೇ ಲೆಕ್ಕ.

ಅದಕ್ಕಿಂತ ಕೆಟ್ಟದ್ದು ಒಳಗೆ ಸೇರಿಕೊಳ್ಳುವುದು. ಎರಡು ಮೂರು ವರ್ಷ ಮುಟ್ಟದ ಸೆನ್ಸರ್‌ನ ಮುಚ್ಚಳ ಬಿಚ್ಚಿ ನೋಡಿ. ಸರ್ಕ್ಯೂಟ್ ಮೇಲೆ ಸಣ್ಣ ಕೆಂಪಿರುವೆಗಳ ಸಾಲು, ಮೂಲೆಯಲ್ಲಿ ಅಕ್ಕಿ ನುಚ್ಚಿನಷ್ಟು ಬಿಳಿ ಮೊಟ್ಟೆಗಳು, ಲೆನ್ಸ್ ಒಳಬದಿಗೆ ಜೇಡನ ನೂಲು, ಸ್ಕ್ರೂ ಬುಡದಲ್ಲಿ ಹಸಿರು ಕಿಲುಬು ಕಾಣುವುದು ಅಪರೂಪವೇನಲ್ಲ. ಬೆಚ್ಚಗಿನ, ಕತ್ತಲ, ಮಳೆ ಬೀಳದ ಗೂಡು ಅವಕ್ಕೆ ಬೇಕಾದ್ದೇ. ಒಳಗೆ ಹೋಗುವ ದಾರಿ ಯಾವುದು? ವೈರ್ ಬರುವ ತೂತು. ಸಿಸ್ಟಮನ್ನು ಸೈರನ್ ಕೂಗದ ಟೆಸ್ಟ್ ಮೋಡ್‌ಗೆ ಹಾಕಿ ಮುಚ್ಚಳ ತೆಗೆಯಿರಿ. ಮೆತ್ತನೆಯ ಒಣ ಬ್ರಷ್‌ನಿಂದ ಗುಡಿಸಿ. ನಡುವೆ ಹೊಳೆಯುವ ಚೌಕದ ಕಿಂಡಿ ಇರುವ ಪುಟ್ಟ ಲೋಹದ ಬಿಲ್ಲೆಯನ್ನು ಬೆರಳಿಂದ ಮುಟ್ಟಬೇಡಿ. ಶಾಖ ಹಿಡಿಯುವುದು ಅದೇ. ಬೆರಳ ಎಣ್ಣೆ ಅಂಟಿದರೆ ಮಂಕಾಗುತ್ತದೆ. ವೈರ್ ತೂತನ್ನು ಸಿಲಿಕೋನ್‌ನಿಂದ ಮುಚ್ಚಿ. ಆದರೆ ವಿನೆಗರ್ ವಾಸನೆ ಹೊಡೆಯುವ ಸಿಲಿಕೋನ್ ಬೇಡ, ಅದು ತಾಮ್ರವನ್ನು ತಿನ್ನುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ನ್ಯೂಟ್ರಲ್ ಸಿಲಿಕೋನ್ ಎಂದು ಕೇಳಿ. ಸೊಳ್ಳೆ, ಜಿರಳೆಯ ಸ್ಪ್ರೇಯನ್ನು ಸೆನ್ಸರ್ ಮೇಲೆ ಹೊಡೆಯಲೇಬೇಡಿ. ಇರುವೆ ಚಾಕ್‌ನಿಂದ ಸುತ್ತ ಗೋಡೆಗೆ ಗೆರೆ ಎಳೆದರೆ ಸಾಕು.

ನಾಯಿ, ಬೆಕ್ಕು ಇರುವ ಮನೆಗೆ ಪೆಟ್ ಇಮ್ಯೂನ್ ಸೆನ್ಸರ್ ಸಿಗುತ್ತದೆ. ಇಷ್ಟು ಕಿಲೋವರೆಗಿನ ಪ್ರಾಣಿಗೆ ಕೂಗುವುದಿಲ್ಲ ಎಂದು ಅದರ ಮೇಲೆ ಬರೆದಿರುತ್ತದೆ. ಆ ಮಾತು ನಾಯಿ ನೆಲದ ಮೇಲಿದ್ದರೆ ಮಾತ್ರ ನಿಜ. ಸೋಫಾ ಹತ್ತಿ, ಅಲ್ಲಿಂದ ಊಟದ ಟೇಬಲ್‌ಗೆ ಹಾರುವ ಬೆಕ್ಕಿಗೆ ಅದು ನಡೆಯುವುದಿಲ್ಲ. ಬೆಕ್ಕಿದ್ದರೆ ಆ ಕೋಣೆಗೆ ಮೋಷನ್ ಸೆನ್ಸರ್ ಬಿಟ್ಟು ಬಾಗಿಲು ಕಿಟಕಿಗೆ ಕಾಂಟ್ಯಾಕ್ಟ್ (ತೆಗೆದರೆ ಕೂಗುವ ಅಯಸ್ಕಾಂತದ ಸೆನ್ಸರ್) ಹಾಕಿಸುವುದೇ ಒಳ್ಳೆಯದು.

ಇಷ್ಟೆಲ್ಲ ಮಾಡಿದರೂ ತೊಂದರೆ ನಿಲ್ಲದ ಜಾಗಗಳಿರುತ್ತವೆ. ತಗಡಿನ ಗೋಡೌನ್, ಕಾರ್ ಶೆಡ್ ಅಂಥವು. ಅಲ್ಲಿಗೆ ಡ್ಯುಯಲ್ ಟೆಕ್ನಾಲಜಿ ಸೆನ್ಸರ್ ಹಾಕಿಸಿ. ಅದರಲ್ಲಿ ಶಾಖ ನೋಡುವ ಪಿಐಆರ್ ಜೊತೆ ಮೈಕ್ರೋವೇವ್ ಅಲೆ ಕಳಿಸಿ ಚಲನೆ ಹಿಡಿಯುವ ಭಾಗವೂ ಇರುತ್ತದೆ. ಎರಡಕ್ಕೂ ಒಟ್ಟಿಗೆ ಚಲನೆ ಕಂಡರೆ ಮಾತ್ರ ಕೂಗುತ್ತದೆ. ಬೆಲೆ ಜಾಸ್ತಿ, ಆದರೆ ಇಂಥ ಜಾಗಕ್ಕೆ ಆ ದುಡ್ಡು ದಂಡವಲ್ಲ. ಒಂದು ಎಚ್ಚರ: ಮೈಕ್ರೋವೇವ್ ಗಾಜನ್ನೂ ತೆಳು ಗೋಡೆಯನ್ನೂ ದಾಟಿ ಹೋಗುತ್ತದೆ. ಪ್ಲಾಸ್ಟಿಕ್ ಪೈಪಿನಲ್ಲಿ ಹರಿಯುವ ನೀರನ್ನೂ ಹಿಡಿಯಬಲ್ಲದು. ಅದರ ದೂರವನ್ನು ಕೋಣೆಯ ಅಳತೆಗೆ ತಕ್ಕಷ್ಟೇ ಇಡಿಸಿ.

ಕಲಬುರಗಿ, ರಾಯಚೂರಿನ ಕಡೆಯವರು ಇದನ್ನೂ ತಿಳಿದಿರಬೇಕು. ಬೇಸಿಗೆಯಲ್ಲಿ ಮುಚ್ಚಿದ ಕೋಣೆಯ ಗೋಡೆಗಳೇ ನಮ್ಮ ಮೈಯಷ್ಟು ಬಿಸಿಯಾದಾಗ ಸೆನ್ಸರ್‌ಗೆ ಮನುಷ್ಯ ಸರಿಯಾಗಿ ಕಾಣುವುದೇ ಇಲ್ಲ. ಡಿಸೆಂಬರ್‌ನಲ್ಲಿ ಸುಳ್ಳು ಅಲಾರಂ ಆಯಿತೆಂದು ಸೆನ್ಸಿಟಿವಿಟಿ ಇಳಿಸಿ ಹಾಗೇ ಬಿಟ್ಟರೆ ಏಪ್ರಿಲ್‌ನಲ್ಲಿ ಆ ಸೆನ್ಸರ್ ಕುರುಡು. ಉಷ್ಣತೆಗೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಟೆಂಪರೇಚರ್ ಕಾಂಪೆನ್ಸೇಶನ್ ಇದೆಯೇ ಎಂದು ಕೊಳ್ಳುವಾಗಲೇ ಕೇಳಿ.

ನಾಲ್ಕನೇ ಹೆಜ್ಜೆ: ಬಾಗಿಲು ಮತ್ತು ಶಟರ್

ಬಾಗಿಲ ಸೆನ್ಸರ್ ಸರಳ ಸಾಮಾನು. ಚೌಕಟ್ಟಿನಲ್ಲಿ ಒಂದು ಸ್ವಿಚ್, ಬಾಗಿಲಿಗೆ ಒಂದು ಅಯಸ್ಕಾಂತ. ಎರಡರ ನಡುವಿನ ಅಂತರ ಜಾಸ್ತಿಯಾದರೆ ಕೂಗುತ್ತದೆ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಪೂರ್ತಿ ಕೂರುವುದಿಲ್ಲ, ಕೀಲು ಸಡಿಲವಾಗಿ ಬಾಗಿಲು ಜೋಲುತ್ತದೆ. ಆಗ ಅಂತರ ಕೊನೆಯ ಅಂಚಿಗೆ ಬಂದು ನಿಂತಿರುತ್ತದೆ. ಗಾಳಿ ತಳ್ಳಿದರೆ ಸಾಕು. ಬಡಗಿಯನ್ನು ಕರೆಸಿ ಬಾಗಿಲು ಸರಿ ಮಾಡಿಸಿ. ಬಾಗಿಲೇ ಸರಿಯಿಲ್ಲದಿದ್ದರೆ ಸೆನ್ಸರ್ ಬದಲಿಸಿ ಏನು ಪ್ರಯೋಜನ ಅಲ್ವಾ? ಕಬ್ಬಿಣದ ಬಾಗಿಲಿಗೆ ಮರದ ಬಾಗಿಲಿನ ಕಾಂಟ್ಯಾಕ್ಟ್ ಹಾಕಬಾರದು. ಕಬ್ಬಿಣ ಅಯಸ್ಕಾಂತದ ಬಲ ಎಳೆದುಕೊಳ್ಳುತ್ತದೆ. ಲೋಹದ ಬಾಗಿಲಿಗೇ ಬೇರೆ ಬರುತ್ತದೆ.

ಅಂಗಡಿಯವರ ದೊಡ್ಡ ತಲೆನೋವು ರೋಲಿಂಗ್ ಶಟರ್. ಆಷಾಢದ ಗಾಳಿಗೆ, ಮುಂದೆ ಹಾದುಹೋಗುವ ಬಸ್ಸಿನ ಅದುರಿಗೆ ಶಟರ್ ದಡದಡ ಅನ್ನುತ್ತದೆ. ನಡುಭಾಗ ಎಲ್ಲಕ್ಕಿಂತ ಜಾಸ್ತಿ ಆಡುತ್ತದೆ, ಅಂಚು ಕಡಿಮೆ. ಆದ್ದರಿಂದ ಕಾಂಟ್ಯಾಕ್ಟ್ ಬದಿಯ ಪಟ್ಟಿಯ ಹತ್ತಿರ ಇರಲಿ, ಹೆಚ್ಚು ಅಂತರ ತಡೆಯುವ ಶಟರ್ ಕಾಂಟ್ಯಾಕ್ಟೇ ಆಗಿರಲಿ. ಎರಡೂ ಬದಿ ಬೀಗ ಹಾಕಿ. ಪಟ್ಟಿಯೊಳಗೆ ರಬ್ಬರ್ ಕೂರಿಸಿದರೆ ಆಟ ಇನ್ನೂ ಕಡಿಮೆಯಾಗುತ್ತದೆ. ಇನ್ನೊಂದು ಗಮನಿಸಿ. ಬೆಳಿಗ್ಗೆ ಅಂಗಡಿ ಮುಂದೆ ನೀರು ಹಾಕಿ ಗುಡಿಸುತ್ತೇವಲ್ಲ, ಆ ನೀರು ನೆಲಕ್ಕೆ ಹಾಕಿದ ಕಾಂಟ್ಯಾಕ್ಟಿನ ವೈರ್ ಬುಡಕ್ಕೇ ಹೋಗುತ್ತದೆ. ತಿಂಗಳುಗಟ್ಟಲೆ ನೆನೆದ ಜಾಯಿಂಟ್ ಒಂದು ದಿನ ಕೈಕೊಡುತ್ತದೆ. ಜಾಯಿಂಟ್ ನೆಲದಲ್ಲಿ ಇರಲೇಬಾರದು, ಒಂದಡಿ ಮೇಲೆ ಗೋಡೆಯಲ್ಲಿರಲಿ.

ತಿಜೋರಿಗೆ ಹಾಕುವ ವೈಬ್ರೇಶನ್ ಸೆನ್ಸರ್ ಪಟಾಕಿ ಸದ್ದಿಗೂ ಕೂಗುತ್ತದೆ. ಒಂದೇ ಪೆಟ್ಟಿಗೆ ಕೂಗದೆ ಕೆಲವು ಸೆಕೆಂಡಿನೊಳಗೆ ಹಲವು ಪೆಟ್ಟು ಬಿದ್ದರೆ ಮಾತ್ರ ಕೂಗುವ ಹಾಗೆ ಇಡಿಸಿ. ದೀಪಾವಳಿಗೆ ಮೊದಲೇ ಮಾಡಿಸಿಕೊಳ್ಳಿ.

ಐದನೇ ಹೆಜ್ಜೆ: ಬ್ಯಾಟರಿ, ವೈರ್, ಅರ್ಥಿಂಗ್

ಪ್ಯಾನೆಲ್ ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ 12 ವೋಲ್ಟ್ 7 ಆಂಪಿಯರ್ ಅವರ್‌ನ ಸೀಲ್ಡ್ ಬ್ಯಾಟರಿ ಇರುತ್ತದೆ. ಅದರ ಆಯಸ್ಸು ಮೂರರಿಂದ ಐದು ವರ್ಷ. ಕರೆಂಟ್ ಪದೇಪದೇ ಹೋಗುವ ಊರಲ್ಲಿ ಮೂರೇ. ಸತ್ತ ಬ್ಯಾಟರಿ ಇದ್ದರೆ ಕರೆಂಟ್ ಹೋಗಿ ಬರುವ ಆ ಗಳಿಗೆಯಲ್ಲಿ ವೋಲ್ಟೇಜ್ ಕುಸಿದು ಸೆನ್ಸರ್‌ಗಳು ಆಫ್ ಆಗಿ ಮತ್ತೆ ಆನ್ ಆಗುತ್ತವೆ. ಪ್ಯಾನೆಲ್‌ಗೆ ಅದು ಅಲಾರಂ ಹಾಗೆ ಕಾಣುತ್ತದೆ. ಸೈರನ್ ಕೂಗಲು ಶುರುವಾದರೆ ಇನ್ನಷ್ಟು ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಮತ್ತೆ ಬೀಳುತ್ತದೆ, ಮತ್ತೆ ಅಲಾರಂ. "ನಿಲ್ಲಿಸಿದರೂ ನಿಲ್ಲಲ್ಲ" ಎಂದು ಜನ ಹೇಳುವುದು ಎಷ್ಟೋ ಸಲ ಇದನ್ನೇ.

ಪರೀಕ್ಷೆ ಕಷ್ಟವಲ್ಲ. ಬ್ಯಾಟರಿಯ ತುದಿಗಳಲ್ಲಿ ಮೀಟರ್ ಇಡಿ. ಚಾರ್ಜ್ ಆಗುತ್ತಿರುವಾಗ 13.5ರಿಂದ 13.8 ವೋಲ್ಟ್ ತೋರಿಸಬೇಕು. ಪ್ಯಾನೆಲ್‌ನ ಮೇನ್ಸ್ ತೆಗೆದು ಅರ್ಧ ಗಂಟೆ ಬಿಡಿ. ಅಷ್ಟರಲ್ಲೇ 12ಕ್ಕಿಂತ ಕೆಳಗಿಳಿದರೆ ಬದಲಿಸುವ ಕಾಲ ಬಂದಿದೆ. ಹೊಸ ಬ್ಯಾಟರಿ ಹಾಕಿದ ದಿನವೇ ಅದರ ಮೇಲೆ ಮಾರ್ಕರ್‌ನಲ್ಲಿ ತಿಂಗಳು, ವರ್ಷ ಬರೆಯಿರಿ. ಹಳೆಯದನ್ನು ಅಂಗಡಿಗೇ ವಾಪಸ್ ಕೊಡಿ. ವೈರ್‌ಲೆಸ್ ಸೆನ್ಸರ್‌ಗಳ ಪುಟ್ಟ ಬ್ಯಾಟರಿಗಳನ್ನು ಪ್ಯಾನೆಲ್ "ಲೋ ಬ್ಯಾಟರಿ" ಅಂದ ವಾರದಲ್ಲೇ ಬದಲಿಸಿ, ಎಲ್ಲವನ್ನೂ ಒಟ್ಟಿಗೆ.

ವೈರಿಂಗ್ ನೋಡಲು ಸರ್ವೀಸ್‌ನವರೇ ಬೇಕು. ಆದರೆ ಏನು ಕೇಳಬೇಕೆಂದು ನಿಮಗೆ ಗೊತ್ತಿರಲಿ. ಇನ್ಸುಲೇಶನ್ ಟೇಪ್ ಸುತ್ತಿದ ತಿರುಚು ಜಾಯಿಂಟ್‌ಗಳಿದ್ದರೆ ಬೆಸುಗೆ ಹಾಕಿಸಿ. ಅಲಾರಂ ವೈರ್ ಮತ್ತು ಮನೆಯ ಕರೆಂಟ್ ವೈರ್ ಒಂದೇ ಪೈಪಿನಲ್ಲಿ ಹೋಗಬಾರದು. ಒಂದಡಿಯಾದರೂ ದೂರವಿರಬೇಕು. ಪ್ರತಿ ಝೋನ್‌ಗೆ ಒಂದು ಎಂಡ್ ಆಫ್ ಲೈನ್ ರೆಸಿಸ್ಟರ್, ಅಂದರೆ ವೈರ್ ಸರಿಯಿದೆಯೇ ಎಂದು ಪ್ಯಾನೆಲ್‌ಗೆ ತಿಳಿಯುವಂತೆ ಮಾಡುವ ಪುಟ್ಟ ಬಿಡಿಭಾಗ, ಇರುತ್ತದೆ. ಅದು ಸೆನ್ಸರ್ ಇರುವ ತುದಿಯಲ್ಲಿರಬೇಕು. ಬೇಗ ಮುಗಿಸುವ ಆತುರದಲ್ಲಿ ಅದನ್ನು ಪ್ಯಾನೆಲ್ ಒಳಗೇ ಹಾಕಿಬಿಡುವವರಿದ್ದಾರೆ. ಹಾಗಿದ್ದರೆ ದಾರಿಯಲ್ಲಿ ವೈರ್ ಶಾರ್ಟ್ ಆದರೂ ಪ್ಯಾನೆಲ್‌ಗೆ ಗೊತ್ತಾಗುವುದಿಲ್ಲ. ಕರಾವಳಿ, ಮಲೆನಾಡಿನಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಸಿಡಿಲು ದೂರದಲ್ಲಿ ಬಡಿದರೂ ಉದ್ದ ವೈರ್‌ಗಳಲ್ಲಿ ವೋಲ್ಟೇಜ್ ಹಾಯುತ್ತದೆ. ಅರ್ಥಿಂಗ್ ಗಟ್ಟಿ ಇರಲೇಬೇಕು, ಮೇನ್ಸ್‌ಗೆ ಸರ್ಜ್ ಪ್ರೊಟೆಕ್ಟರ್ (ದಿಢೀರನೆ ಏರುವ ವೋಲ್ಟೇಜ್ ತಡೆಯುವ ಸಾಧನ) ಇರಲಿ.

ಆರನೇ ಹೆಜ್ಜೆ: ಕ್ಯಾಮೆರಾದ ಅಲರ್ಟ್‌ಗಳು

ರಾತ್ರಿ ಪೂರ್ತಿ ಫೋನ್ ಟಿಂಗ್ ಟಿಂಗ್ ಅಂದರೆ ಯಾರಾದರೂ ಮ್ಯೂಟ್ ಮಾಡುತ್ತಾರೆ. ಬರೀ ಮೋಷನ್ ಡಿಟೆಕ್ಷನ್ ಎಂದರೆ ಚಿತ್ರದಲ್ಲಿ ಏನು ಬದಲಾದರೂ ಅಲರ್ಟ್. ಮಳೆ ಹನಿ, ಬೀದಿ ನಾಯಿ, ಬೈಕಿನ ಲೈಟು, ಒಣಗಲು ಹಾಕಿದ ಪಂಚೆ, ಎಲ್ಲವೂ. ಸೆಟ್ಟಿಂಗ್‌ಗೆ ಹೋಗಿ ಮನುಷ್ಯರನ್ನು ಮಾತ್ರ ಗುರುತಿಸುವ ಆಯ್ಕೆ ಇದ್ದರೆ ಅದನ್ನೇ ಹಾಕಿ. ಲೈನ್ ಕ್ರಾಸಿಂಗ್ (ಪರದೆಯಲ್ಲಿ ಎಳೆದ ಗೆರೆ ದಾಟಿದರೆ ಅಲರ್ಟ್) ಇದ್ದರೆ ಗೇಟಿನ ಒಳಗೆ ಗೆರೆ ಎಳೆಯಿರಿ, ರಸ್ತೆ ಮೇಲಲ್ಲ. ರಸ್ತೆ, ಮರ, ಪಕ್ಕದ ಮನೆ ಕಾಣುವ ಭಾಗವನ್ನು ಪತ್ತೆ ಮಾಡುವ ಜಾಗದಿಂದಲೇ ತೆಗೆದುಹಾಕಿ. ಇದರಿಂದ ಪಕ್ಕದವರ ಖಾಸಗಿತನಕ್ಕೂ ಒಳ್ಳೆಯದು.

ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ಲೈಟಿಗೆ ಹುಳು ಬರುತ್ತವೆ, ಹುಳು ತಿನ್ನಲು ಜೇಡ ಬರುತ್ತದೆ. ಲೆನ್ಸ್ ಮುಂದೆ ಕಟ್ಟಿದ ಒಂದು ಎಳೆ ನೂಲು ಪರದೆ ಮೇಲೆ ಹಗ್ಗದಷ್ಟು ದಪ್ಪಗೆ ಬೆಳ್ಳಗೆ ಹೊಳೆಯುತ್ತದೆ. ವಾರಕ್ಕೊಮ್ಮೆ ಉದ್ದ ಕೋಲಿಗೆ ಮೆತ್ತನೆ ಬಟ್ಟೆ ಕಟ್ಟಿ ಒರೆಸಿ. ಸಾಧ್ಯವಿದ್ದರೆ ಕ್ಯಾಮೆರಾದ ಸ್ವಂತ ಲೈಟ್ ಆಫ್ ಮಾಡಿ, ಸ್ವಲ್ಪ ದೂರದಲ್ಲಿ ಬೇರೆ ದೀಪ ಹಾಕಿಸಿ.

ಅಪಾರ್ಟ್‌ಮೆಂಟ್‌ಗಳಲ್ಲಿ ಹೊಗೆ ಸೆನ್ಸರ್‌ನದ್ದೂ ಇದೇ ಗೋಳು. ಒಗ್ಗರಣೆ ಹೊಗೆಗೆ, ಸಾಂಬ್ರಾಣಿಗೆ ಇಡೀ ಬ್ಲಾಕ್ ಕೆಳಗಿಳಿಯುತ್ತದೆ. ಅಡುಗೆಮನೆಗೆ ಹೊಗೆಯದ್ದಲ್ಲ, ಶಾಖದ ಡಿಟೆಕ್ಟರ್ ಬೇಕು. ಪ್ಲಾಸ್ಟಿಕ್ ಕವರ್ ಕಟ್ಟಿ ಮುಚ್ಚುವುದನ್ನು ಮಾತ್ರ ಯಾರೂ ಮಾಡಬೇಡಿ. ಅದು ಜೀವದ ಪ್ರಶ್ನೆ.

ತೋಟ ಮತ್ತು ಕಣ ಇರುವವರಿಗೆ

ಕೊಡಗು, ಚಿಕ್ಕಮಗಳೂರಿನಲ್ಲಿ ಕಾಫಿ, ಕಾಳುಮೆಣಸು ಒಣಗಲು ಹಾಕಿದ ಕಣಕ್ಕೆ, ಮಲೆನಾಡಿನಲ್ಲಿ ಅಡಿಕೆ ಕಣಕ್ಕೆ ಬೀಮ್ ಸೆನ್ಸರ್ ಹಾಕಿಸುವವರಿದ್ದಾರೆ. ಒಂದು ಕಂಬದಿಂದ ಇನ್ನೊಂದಕ್ಕೆ ಕಾಣದ ಕಿರಣ ಹೋಗುತ್ತದೆ, ಅದನ್ನು ಯಾರಾದರೂ ತಡೆದರೆ ಅಲಾರಂ. ಒಂದೇ ಕಿರಣದ್ದಾದರೆ ಹಾರುವ ಹಕ್ಕಿ, ಉದುರುವ ಎಲೆ ಸಾಕು. ನಾಲ್ಕು ಕಿರಣದ ಕ್ವಾಡ್ ಬೀಮ್ ತೆಗೆದುಕೊಳ್ಳಿ. ನಾಲ್ಕೂ ಒಟ್ಟಿಗೆ ತಡೆದರೆ ಮಾತ್ರ ಅದು ಕೂಗುತ್ತದೆ. ಕಂಬ ಕಾಂಕ್ರೀಟಿನಲ್ಲಿ ಗಟ್ಟಿಯಾಗಿ ನಿಂತಿರಬೇಕು. ಮಳೆಗೆ ನೆಲ ಸಡಿಲಾಗಿ ಕಂಬ ಸ್ವಲ್ಪ ವಾಲಿದರೂ ಕಿರಣ ತಪ್ಪುತ್ತದೆ. ಪೆಟ್ಟಿಗೆ ಮೇಲೆ 60 ಮೀಟರ್ ಎಂದಿದ್ದರೆ 30 ಮೀಟರ್‌ಗೇ ಬಳಸಿ, ಮಂಜು ಮುಸುಕಿದ ಬೆಳಿಗ್ಗೆಯೂ ಕಿರಣಕ್ಕೆ ಬಲ ಉಳಿಯುತ್ತದೆ. ಹುಲ್ಲು, ಬಳ್ಳಿ ಕಿರಣದ ದಾರಿಗೆ ಬರದಂತೆ ಮಳೆಗಾಲದಲ್ಲಿ ಆಗಾಗ ಸವರುತ್ತಿರಿ.

ಸೈರನ್ ಕೂಗಿದಾಗ ಏನು ಮಾಡಬೇಕು

ಸುಳ್ಳೇ ಇರಬೇಕು ಅಂದುಕೊಂಡು ಒಬ್ಬರೇ ಕತ್ತಲಲ್ಲಿ ನುಗ್ಗಬೇಡಿ. ಮೊದಲು ಫೋನಿನಲ್ಲಿ ಕ್ಯಾಮೆರಾ ನೋಡಿ. ಆಮೇಲೆ ಯಾವ ಝೋನ್‌ಗಳು ಎಂದು ನೋಡಿ. ಒಂದೇ ಸೆನ್ಸರ್ ಒಂದೇ ಸಲ ಕೂಗಿ ಸುಮ್ಮನಾಗಿದ್ದರೆ ಸುಳ್ಳಿರಬಹುದು. ಹಿಂಬಾಗಿಲು, ಅದರ ಹಿಂದೆಯೇ ಹಜಾರ, ಅದರ ಹಿಂದೆಯೇ ಕೋಣೆ ಎಂದು ಸಾಲಾಗಿ ಕೂಗಿದರೆ ಯಾರೋ ಒಳಗೆ ನಡೆಯುತ್ತಿದ್ದಾರೆ. ತಡ ಮಾಡದೆ 112ಕ್ಕೆ ಕರೆ ಮಾಡಿ, ಏನು ಕಂಡಿತೆಂದು ಸ್ಪಷ್ಟವಾಗಿ ಹೇಳಿ. ಬ್ರಿಟನ್‌ನಲ್ಲಿ ಪೊಲೀಸರ ಸ್ಪಂದನೆ ಬೇಕಾದ ಸಿಸ್ಟಮ್‌ಗಳಿಗೆ ಹೀಗೆ ಎರಡು ಸೆನ್ಸರ್‌ಗಳ ಖಾತ್ರಿ ಕೇಳುವ ಪದ್ಧತಿಯೇ ಇದೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 2000ದಲ್ಲಿ ತಂದ ನಿಯಮದ ಪ್ರಕಾರ ಯಾರಾದರೂ ಸ್ಥಳಕ್ಕೆ ಹೋಗಿ ಖಾತ್ರಿ ಮಾಡಿದ ಮೇಲೆಯೇ ಕಳ್ಳತನದ ಅಲಾರಂಗೆ ಪೊಲೀಸರು ಹೋಗುತ್ತಾರೆ. ನಮ್ಮಲ್ಲಿ ಆ ಕೆಲಸ ಮಾಡಬಲ್ಲವರು ನೆರೆಯವರು. ಊರಿಗೆ ಹೋಗುವ ಮೊದಲು ನಂಬಿಕೆಯ ಒಬ್ಬರಿಗೆ ನಿಮ್ಮ ನಂಬರ್ ಕೊಟ್ಟು, "ಕೂಗಿದರೆ ಒಳಗೆ ಹೋಗಬೇಡಿ, ಹೊರಗಿನಿಂದ ನೋಡಿ ಫೋನ್ ಮಾಡಿ" ಎಂದು ಹೇಳಿಟ್ಟಿರಿ.

ಸೈರನ್ ಮೂರರಿಂದ ಐದು ನಿಮಿಷಕ್ಕೆ ತಾನಾಗಿ ನಿಲ್ಲುವ ಹಾಗೆ ಸೆಟ್ ಮಾಡಿಸಿ. ಯಾರೂ ಇಲ್ಲದ ಮನೆಯಲ್ಲಿ ಬೆಳಗಿನವರೆಗೆ ಕೂಗಿದರೆ ಬೀದಿಯ ಹಸುಗೂಸು, ವಯಸ್ಸಾದವರು ಏನು ಮಾಡಬೇಕು?

ಸರ್ವೀಸ್‌ನವರು ಬಂದಾಗ

"ಸೆನ್ಸಿಟಿವಿಟಿ ಕಮ್ಮಿ ಮಾಡಿದೀನಿ ಸರ್, ಇನ್ನು ಬರಲ್ಲ" ಎಂದರೆ ಅಷ್ಟಕ್ಕೇ ಕಳಿಸಬೇಡಿ. ನೀವು ಬರೆದ ಪುಸ್ತಕ ತೋರಿಸಿ. ಲಾಗ್ ತೆಗೆಸಿ, ಎರಡೂ ತಾಳೆಯಾಗುತ್ತವೆಯೇ ನೋಡಿ. ಆ ಸೆನ್ಸರ್‌ನ ಮುಚ್ಚಳ ಬಿಚ್ಚಿಸಿ, ಕಣ್ಣೆದುರಿಗೇ ಒಳಗೆ ನೋಡಿ. ಏನು ಬದಲಿಸಿದರು ಎಂದು ಅದೇ ಪುಸ್ತಕದಲ್ಲಿ ಅವರಿಂದಲೇ ಬರೆಸಿ. ವರ್ಷಕ್ಕೆರಡು ಸಲ ಕರೆಸುವುದಾದರೆ ಒಂದು ಸಲ ಮುಂಗಾರಿಗೆ ಮೊದಲು, ಮೇ ತಿಂಗಳಲ್ಲಿ ಇರಲಿ.

ಅವರು ಹೊರಡುವ ಮುಂಚೆ ವಾಕ್ ಟೆಸ್ಟ್ ಮಾಡಿ. ಟೆಸ್ಟ್ ಮೋಡ್‌ಗೆ ಹಾಕಿಸಿ ಕೋಣೆಯಲ್ಲಿ ಸಹಜವಾಗಿ ನಡೆಯಿರಿ, ಅಡ್ಡಡ್ಡ ಮತ್ತು ನೇರ. ಸೆನ್ಸರ್‌ನ ಪುಟ್ಟ ದೀಪ ಎಲ್ಲಿ ಹತ್ತುತ್ತದೆ, ಎಲ್ಲಿ ಹತ್ತುವುದಿಲ್ಲ ನೋಡಿ. ಕಳ್ಳ ಬರಬಹುದಾದ ದಾರಿಯಲ್ಲೆಲ್ಲ ಅದು ಹತ್ತಲೇಬೇಕು. ಆಮೇಲೆ ಕೋಣೆಯಿಂದ ಹೊರಗೆ ಬಂದು, ಬಾಗಿಲ ಸಂದಿಯಿಂದ ಇಣುಕುತ್ತಾ ಯಾರಿಂದಲಾದರೂ ಫ್ಯಾನ್ ಹಾಕಿಸಿ, ಪರದೆ ಅಲುಗಿಸಿ. ಆಗ ಹತ್ತಬಾರದು. ತೊಂದರೆ ಕೊಡುತ್ತಿದ್ದ ಝೋನನ್ನು ಒಂದು ವಾರ ಸೈರನ್‌ನಿಂದ ಬಿಡಿಸಿ, ಲಾಗ್‌ಗೆ ಮತ್ತು ನಿಮ್ಮ ಫೋನಿಗೆ ಮಾತ್ರ ಬರುವ ಹಾಗೆ ಇಡಿಸಿ. ಆ ವಾರದಲ್ಲಿ ಕಾರಣವಿಲ್ಲದೆ ಒಂದೂ ಸಂದೇಶ ಬರದಿದ್ದರೆ ಮತ್ತೆ ಸೈರನ್‌ಗೆ ಸೇರಿಸಿ. ಬಂದರೆ ಗಂಟೆ, ಝೋನ್, ಗಾಳಿ, ಮಳೆ ಬರೆದುಕೊಂಡು ಮತ್ತೆ ಅದೇ ಸೆನ್ಸರ್‌ನಿಂದ ಶುರು ಮಾಡಿ.